ಮೂವತ್ತೆಂಟನೆಯ ಹೂಂ

"ಅಕ್ಕಾ, ಪೇಸ್ಟಿಗೆ ಉಪ್ಪು ಎಷ್ಟ ಹಾಕ್ತೀರಿ?"

ಕೇಳಿದವನು ಪಕ್ಕದ ಜಿಲ್ಲೆಯ ಬ್ಯಾಟರಿ ಕಂಪನಿಯವನು. ಗದಗಿನ ಹೊರಗೆ ಮುಂಡರಗಿ ರಸ್ತೆಯ ಚಹದಂಗಡಿಯಲ್ಲಿ ಮಾಬೂಬಿ ನದಾಫಳ ಮುಂದೆ ಒಂದು ಪ್ಲೇಟು ಚುರುಮುರಿ ಗಿರ್ಮಿಟ್ಟು, ಎರಡು ಮಿರ್ಚಿಭಜಿ ಇಡಿಸಿ, ಹೊಸ ಅಳಿಯನ ಹಾಗೆ ನಗುತ್ತ ಕೂತಿದ್ದ. ಮಾಬೂಬಿ ಎದುರಿನ ಕಪ್ಪತ ಬ್ಯಾಟರಿ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಉಪ್ಪಿನ ಪೇಸ್ಟು ಕಲಸುವವಳು. ಅವಳು ಬಾಯಿ ತೆರೆದಳು. ಅಳತೆ ನೆನಪಾಗಲಿಲ್ಲ. ಹತ್ತು ನಿಮಿಷದ ಹಿಂದೆ ಇದೇ ಕೈಯಿಂದ ಹಾಕಿ ಬಂದಿದ್ದಳು!

"ಗೇಟಿನ ಒಳಗ ಬಂದು ಕೇಳಪಾ, ಹೇಳತೇನಿ. ಹೊರಗ ನನಗೂ ಗೊತ್ತಿಲ್ಲ," ಎಂದು ಮಿರ್ಚಿ ಕಡಿದಳು.

ಅದು ೨೦೬೧. ಅವಳ ಕಿವಿಯ ಹಿಂದೆ ಕಡಲೆಬೇಳೆಯಷ್ಟು ದೊಡ್ಡದೊಂದು ಬಿಲ್ಲೆ ಅಂಟಿಕೊಂಡಿತ್ತು. ಹೆಸರು ಮಾತುಬೀಗ. ಮಾಡಿದವರು ವಿಜ್ಞಾನಿ ವಿರೂಪಾಕ್ಷ ನರೇಗಲ್ಲ. ಒಂದು ಮಾತನ್ನು ಕೇಳಿ ಮನಸಾರೆ ಒಪ್ಪಿಕೊಂಡಾಗ ಮೆದುಳಿನಲ್ಲಿ ಒಂದು ಗುಂಪಿನ ನರಕೋಶಗಳು ಒಟ್ಟಿಗೆ ಮಿಡಿಯುತ್ತವೆ. ಬಿಲ್ಲೆ ಆ ಮಿಡಿತವನ್ನು ಗುರುತಿಟ್ಟುಕೊಳ್ಳುತ್ತದೆ. ಗೇಟು ದಾಟಿದ ಮೇಲೆ ಅದೇ ಗುಂಪು ಮತ್ತೆ ಮಿಡಿಯಲು ಹೊರಟರೆ ಎದುರು ಮಿಡಿತ ಕೊಟ್ಟು ಅದನ್ನು ಅಡಗಿಸುತ್ತದೆ. ಮರುದಿನ ಒಳಗೆ ಕಾಲಿಟ್ಟರೆ ನೆನಪು ವಾಪಸ್ಸು. ನೋವಿಲ್ಲ, ನಿದ್ದೆಗೇಡಿಲ್ಲ.

ಒಂದೇ ತೊಡಕು. ಒಪ್ಪಿಗೆ ನಿಜವಾಗಿಯೂ ಇರಬೇಕು. ಇಲ್ಲದಿದ್ದರೆ ಗುರುತು ಬೀಳುವುದಿಲ್ಲ.

ಮೊದಲ ವರ್ಷ ಬೀಗ ಬೀಳಲೇ ಇಲ್ಲ. ಗೋಪ್ಯತೆಯ ತರಬೇತಿ ಎಂದರೆ ಆಗ ಕತ್ತಲೆ ಕೋಣೆ, ಪರದೆಯ ಮೇಲೆ ಎಪ್ಪತ್ತು ಚಿತ್ರ, "ಯಾರಿಗೂ ಹೇಳತಕ್ಕದ್ದಲ್ಲ" ಎಂಬ ದಪ್ಪ ಅಕ್ಷರ. ಊಟದ ನಂತರ ಇಟ್ಟರೆ ಅರವತ್ತು ಜನರಲ್ಲಿ ಐವತ್ತು ಜನ ಗೊರಕೆ ಹೊಡೆಯುತ್ತಿದ್ದರು. ಉಳಿದವರು ಸಹಿ ಹಾಕಿ, ಹೊರಗೆ ಬಂದು, ಚಹದಂಗಡಿಯಲ್ಲಿ ಎಲ್ಲವನ್ನೂ ಒದರುತ್ತಿದ್ದರು.

ಆಗ ಬಂದವಳು ಸುನಂದಾ ಕೊಣ್ಣೂರ. ತರಬೇತಿಯನ್ನು ಕಟ್ಟುವುದೇ ಅವಳ ಕೆಲಸ. ಪರದೆ ಕಿತ್ತುಹಾಕಿಸಿದಳು, ಜಮಖಾನೆ ಹಾಸಿಸಿದಳು. ಅವಳ ಅಜ್ಜಿ ಕತೆ ಹೇಳುವಾಗ ಮಕ್ಕಳು ಹೂಂಗುಟ್ಟುವುದು ನಿಲ್ಲಿಸಿದರೆ ಕತೆಯೂ ನಿಲ್ಲುತ್ತಿತ್ತು. ಸುನಂದಾ ಅದನ್ನೇ ಹಿಡಿದಳು.

"ಒಂದೂರಾಗ ಒಬ್ಬ ಉಪ್ಪಿನ ರಾಜಾ ಇದ್ದ."

"ಹೂಂ."

"ಅವಂಗ ಏಳು ಕೋಣಿ ಅರಮನಿ ಇತ್ತು. ರಾಣಿಗಿ ಎರಡ ಕೋಣಿ."

"ಹೂಂ."

ಏಳಕ್ಕೆ ಎರಡು, ಅದೇ ಪೇಸ್ಟಿನ ಅಳತೆ. ಹೀಗೆ ಮೂವತ್ತೇಳು ಗುಟ್ಟುಗಳನ್ನು ಕತೆ ಮಾಡಿದಳು. ಕತೆಗೆ ಅಂದ ಹೂಂನಲ್ಲಿ ಅನುಮಾನವಿರುವುದಿಲ್ಲ, ಮನಸ್ಸು ಬಾಗಿಲು ತೆರೆದುಕೊಂಡೇ ಕೂತಿರುತ್ತದೆ. ಬೀಗಗಳು ಪಟಪಟನೆ ಬಿದ್ದವು. ನರೇಗಲ್ಲರು ಇಡೀ ವರ್ಷ ಒದ್ದಾಡಿದ್ದನ್ನು ಸುನಂದಾ ಹತ್ತು ದಿನದಲ್ಲಿ ಮಾಡಿದ್ದಳು. ಅವಳಿಗೆ ಹೆಮ್ಮೆಯಿತ್ತು, ಯಾಕಿರಬಾರದು?

ಆ ಮಳೆಗಾಲದಲ್ಲಿ ಮಾಬೂಬಿ ಅವಳ ಮುಂದೆ ಎರಡೂ ಕೈ ಚಾಚಿ ನಿಂತಳು.

"ಅಕ್ಕಾರ, ಮೂರನೇ ಶೆಡ್ಡಿನ್ಯಾಗ ಹೊಗಿ ಎದ್ದ ದಿನಾ ಬೆರಳ ಜೋಮ ಹಿಡೀತಾವ. ನಿನ್ನೆ ಸೂಜಿ ಚುಚ್ಚಿದ್ರೂ ಗೊತ್ತಾಗಲಿಲ್ಲ. ಬರೋ ಗುರುವಾರ ದೊಡ್ಡಾಸ್ಪತ್ರಿಗೆ ಹೋಗತೇನಿ."

"ಹೋಗು, ಎಲ್ಲಾ ಬಿಚ್ಚಿ ಹೇಳು. ಹೊಗಿ ಮಾತ ಮೊದಲ ಹೇಳು," ಎಂದಳು ಸುನಂದಾ.

ಆಸ್ಪತ್ರೆಯ ಸುದ್ದಿ ಕಾರ್ಖಾನೆಯ ಮ್ಯಾನೇಜರ್ ಹೆಬಸೂರರ ಕಿವಿಗೂ ಬಿತ್ತು. ಸೋಮವಾರ ಅವರು ಸುನಂದಾಳನ್ನು ಕರೆಸಿ ಒಂದು ಚೀಟಿ ಕೊಟ್ಟರು. ಬೀಗ ಸಡಿಲಾಗದಿರಲೆಂದು ಹಳೆಯ ಕತೆಗಳನ್ನು ಮತ್ತೆ ಹೇಳುವ ಬುಧವಾರದ ತರಬೇತಿಗೆ ಮೂವತ್ತೆಂಟನೆಯ ಮಾತು: ಮೂರನೇ ಶೆಡ್ಡಿನ ಹೊಗೆಯಿಂದ ಬೆರಳು ಜೋಮು ಹಿಡಿಯುತ್ತವೆ.

ಸುನಂದಾ ಎರಡು ಸಲ ಓದಿದಳು. "ಇದು ಗುಟ್ಟ ಹೆಂಗಾತರೀ ಸರ್? ಇದು ರೋಗ."

"ಕಂಪನಿ ಒಳಗ ನಡದದ್ದೆಲ್ಲಾ ಕಂಪನಿ ಮಾತು. ತರಬೇತಿ ನಿಮ್ಮದು ಮೇಡಂ. ಯಾವುದು ಗುಟ್ಟು ಅನ್ನೂದು ನಮ್ಮದು."

"ಗುರುವಾರ ಡಾಕ್ಟರು ಯಾವಾಗಿಂದ ಹಿಂಗಾತು ಅಂತ ಕೇಳಿದ್ರ ಮಾಬೂಬಿ ಏನ ಹೇಳಬೇಕ್ರಿ?"

"ಏನೂ ಹೇಳೂದಿಲ್ಲ. ಅದಕ್ಕ ಅದನ್ನ ಬೀಗ ಅಂತಾರ." ಹೆಬಸೂರರು ನಕ್ಕರು. "ಒಂದು ಚಂದನ್ನ ಕತಿ ಕಟ್ರಿ. ನಿಮಗ ಏನ ದೊಡ್ಡ ಮಾತು!"

ಸುನಂದಾಳ ಮೈ ಉರಿಯಿತು. ಉರಿದದ್ದು ಹೆಬಸೂರರ ಮೇಲಷ್ಟೇ ಅಲ್ಲ. ಇಷ್ಟು ದಿನ ಜನ ಹೂಂ ಅಂದದ್ದು ಕತೆಗೆ; ಬೀಗ ಬಿದ್ದದ್ದು ಬಾಯಿಗೆ. ಯಾವುದಕ್ಕೆ ಹೂಂ ಅನ್ನುತ್ತಿದ್ದೇವೆಂದು ಅವರಿಗೆ ಹೇಳಿದವರು ಯಾರು? ಯಾರೂ ಇಲ್ಲ. ಅವಳೂ ಹೇಳಿರಲಿಲ್ಲ. ತಾನು ಬಿಟ್ಟರೆ ಬೇರೆ ಯಾರಾದರೂ ಇದೇ ಕತೆ ಕಟ್ಟುತ್ತಾರೆ, ಬಿಟ್ಟುಹೋಗುವುದು ಸುಲಭದ ದಾರಿ. ಚೀಟಿಯನ್ನು ಮಡಚಿ ಕಡತದಲ್ಲಿಟ್ಟು, "ಆಗಲಿರಿ ಸರ್, ಬುಧವಾರ ಓದತೇನಿ," ಎಂದು ಎದ್ದಳು.

ಬುಧವಾರ ಜಮಖಾನೆಯ ಮೇಲೆ ಅರವತ್ತು ಜನ. ಹಿಂದೆ ಕುರ್ಚಿಯಲ್ಲಿ ಹೆಬಸೂರರು, ಪಕ್ಕದಲ್ಲಿ ನರೇಗಲ್ಲರು. ಗೋಡೆಯ ಫಲಕದ ಮೇಲೆ ಒಬ್ಬೊಬ್ಬರಿಗೂ ಒಂದು ದೀಪ, ಒಪ್ಪಿಗೆ ಬಿದ್ದರೆ ಹಸಿರು. ಮೂವತ್ತೇಳು ಸಲ ಹೂಂ, ಮೂವತ್ತೇಳು ಸಲ ಗೋಡೆ ಹಸಿರಾಯಿತು. ಆಮೇಲೆ ಸುನಂದಾ ಕಡತ ಮುಚ್ಚಿದಳು.

"ಇಲ್ಲೀತನಕ ಹೇಳಿದ್ದು ಕತಿ ಅಲ್ಲ, ಕಂಪನಿ ಗುಟ್ಟು. ಇದನ್ನ ನಾ ಮೊದಲ ದಿನಾನ ಹೇಳಬೇಕಿತ್ತು, ಹೇಳಲಿಲ್ಲ, ತಪ್ಪಾತು. ಆದ್ರ ಅವು ಕಾಯೋ ಮಾತ ಖರೆ. ನಾಕ ಮಂದಿ ವರ್ಷಗಟ್ಟಲೆ ಕೂತು ಕಂಡುಹಿಡದದ್ದು, ಇನ್ನೊಬ್ರು ಕದ್ದುಕೊಂಡ ಹೋಗಬಾರದು. ಈಗ ಇನ್ನೊಂದೈತಿ. ಇದಕ್ಕ ರಾಜಾನೂ ಇಲ್ಲ, ರಾಣಿನೂ ಇಲ್ಲ. ನಿದ್ದಿ ಬಿಟ್ಟು ಕೇಳ್ರಿ."

ಚೀಟಿ ತೆಗೆದು, ಇದ್ದದ್ದನ್ನು ಇದ್ದ ಹಾಗೆ ಓದಿದಳು.

"ಇದಕ್ಕ ಹೂಂ ಅಂದ್ರ ಗೇಟಿನ ಹೊರಗ ಇದು ನಿಮಗ ನೆನಪಿರೂದಿಲ್ಲ. ಮನ್ಯಾಗೂ ಇಲ್ಲ, ಡಾಕ್ಟರ ಮುಂದೂ ಇಲ್ಲ. ಈಗ ನೀವ ಹೇಳ್ರಿ."

ಹಿಂದಿನ ಸಾಲಿನಲ್ಲಿ ಯಾರೋ ರೂಢಿಯಿಂದ "ಹೂ" ಎಂದು ಅರ್ಧಕ್ಕೇ ನುಂಗಿಕೊಂಡರು. ಗೋಡೆಯ ಮೇಲೆ ಒಂದೇ ಒಂದು ದೀಪ ಮಿಣುಕಿ ಆರಿತು. ಹೆಬಸೂರರು ಕುರ್ಚಿಯಿಂದ ಅರ್ಧ ಎದ್ದಿದ್ದರು.

ಅವರಿಗಿಂತ ಮೊದಲು ಮಾಬೂಬಿ ಎದ್ದು ನಿಂತಳು.

"ಊಹೂಂ," ಎಂದಳು. "ಉಪ್ಪಿನ ಅಳತಿ ಕಂಪನಿದು, ಇಟ್ಕೋರಿ. ಬೆರಳು ನಂದು."

"ಊಹೂಂ," ಎಂದಳು ಪಕ್ಕದವಳು. ಆಮೇಲೆ ಅವಳ ಹಿಂದಿನವನು. ಆಮೇಲೆ ಯಾರು ಮೊದಲು ಯಾರು ಆಮೇಲೆ ಎಂದು ಎಣಿಸಲು ಆಗಲಿಲ್ಲ, ಅರವತ್ತು ಗಂಟಲು ಒಟ್ಟಿಗೆ ಊಹೂಂ ಅನ್ನುತ್ತಿದ್ದವು. ಗೋಡೆ ಕಪ್ಪಗೇ ಉಳಿಯಿತು.

"ಒಪ್ಪಿಗಿ ಇಲ್ಲದ ಬೀಗ ಹಾಕಾಕ ಬರತೈತೇನ್ರಿ?" ಹೆಬಸೂರರು ನರೇಗಲ್ಲರ ಕಡೆ ತಿರುಗಿ ಗದರಿದರು.

ನರೇಗಲ್ಲರು ಕನ್ನಡಕ ತೆಗೆದು ಒರೆಸಿಕೊಂಡರು. "ಬರೂದಿಲ್ಲ. ಬಂದ್ರೂ ನಾ ಹಾಕೂದಿಲ್ಲ. ನಾ ಮಾಡಿದ್ದು ಕಂಪನಿ ತಿಜೋರಿಗೆ ಬೀಗ. ಮಂದಿ ಬಾಯಿಗೆ ಹೊಲಿಗಿ ಅಲ್ಲ."

ಸುನಂದಾಳ ನೌಕರಿ ಅಂದು ಸಂಜೆಯೇ ಹೋಯಿತು. ಹೋಗಲಿ ಬಿಡು ಎಂದು ಜಮಖಾನೆಯನ್ನು ತಾನೇ ಮಡಚಿಟ್ಟು ಬಂದಳು.

ಗುರುವಾರ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು, "ಯಾವಾಗಿಂದ?" ಎಂದು ಕೇಳಿದರು. ಮಾಬೂಬಿ ತಿಂಗಳು, ಶೆಡ್ಡು, ಹೊಗೆಯ ಬಣ್ಣ, ವಾಸನೆ ಎಲ್ಲ ಹೇಳಿದಳು. ಮರುವಾರ ಇನ್ನೂ ಒಂಬತ್ತು ಜನ ಅದನ್ನೇ ಹೇಳಿದರು. ತಪಾಸಣೆಯವರು ಬಂದು ಮೂರನೇ ಶೆಡ್ಡನ್ನು ಮುಚ್ಚಿಸಿದರು. ಅವಳ ಬೆರಳುಗಳಲ್ಲಿ ಎರಡಕ್ಕೆ ಸ್ಪರ್ಶ ಮರಳಲೇ ಇಲ್ಲ, ಉಳಿದ ಎಂಟು ಉಳಿದವು. ಇನ್ನೊಂದು ಊಹೂಂಗೆ, ಇನ್ನೊಂದು ತಪಾಸಣೆಗೆ ಹೆದರಿ ಕಂಪನಿಯೇ ಎಲ್ಲರ ಬಿಲ್ಲೆಗಳನ್ನು ಬಿಚ್ಚಿಸಿತು.

ಪಕ್ಕದ ಜಿಲ್ಲೆಯವನಿಗೆ ಸುದ್ದಿ ಮುಟ್ಟಲು ಎಷ್ಟು ಹೊತ್ತು? ಮತ್ತೆ ಬಂದ, ಮತ್ತೆ ಗಿರ್ಮಿಟ್ಟು, ಈ ಸಲ ನಾಲ್ಕು ಮಿರ್ಚಿ.

"ಅಕ್ಕಾ, ಈಗರೆ ನೆನಪೈತಲ್ಲ?"

"ಗಟ್ಟಿ ನೆನಪೈತಿ."

"ಹಂಗಾರ ಹೇಳ್ರಿ."

"ಹೇಳೂದಿಲ್ಲ," ಎಂದು ಮಾಬೂಬಿ ಮಿರ್ಚಿ ಕಡಿದಳು.

೨೦೬೧ ಇನ್ನೂ ದೂರವಿದೆ. ಆದರೆ ನೌಕರಿಗೆ ಸೇರಿದ ದಿನ ನೀವು ಸಹಿ ಹಾಕಿದ ಕಾಗದ ನಿಮ್ಮ ಕಪಾಟಿನಲ್ಲಿ ಎಲ್ಲೋ ಇರಬೇಕು. ಓದದೆ ಹಾಕಿದಿರಿ, ಎಲ್ಲರೂ ಹಾಗೇ ಹಾಕುತ್ತಾರೆ. ಬಿಲ್ಲೆ ಇನ್ನೂ ಬಂದಿಲ್ಲ, ಹೂಂ ಮಾತ್ರ ಆಗಲೇ ಅಂದಾಗಿದೆ. ಒಮ್ಮೆ ಅದನ್ನು ತೆಗೆದು ಓದಿ, ಮೂವತ್ತೆಂಟನೆಯ ಮಾತು ಅದರಲ್ಲಿ ಎಲ್ಲಿ ಕೂತಿದೆ ನೋಡಿ.