ಗಾಳಿಯಲ್ಲಿ ಉದ್ದವಾದ ದೋಣಿ

"ಮತ್ತ ಸೋತಿ!" ತೊಟ್ಟಿಯ ಆಚೆ ತುದಿಯಲ್ಲಿ ಕನಕರಾಜ ಕುಣಿದಾಡಿದ.

ಭಾಗ್ಯಜ್ಯೋತಿಗೆ ಮೈಯೆಲ್ಲ ಉರಿಯಿತು. ಎಮ್ಮೆ ನೀರು ಕುಡಿಯುವ ಆ ತೊಟ್ಟಿಯಲ್ಲಿ ಬೆಳಗಿನಿಂದ ಆರು ಸಲ ಸೋತಿದ್ದಳು. ಇಬ್ಬರದೂ ಥರ್ಮಾಕೋಲ್ ದೋಣಿ. ಟೀಚರ್ ಕೊಟ್ಟ ಮೋಟಾರೂ ಸೆಲ್ಲೂ ಒಂದೇ ತರದವು. ನಾಳೆ ಶಾಲೆಯಲ್ಲಿ ಗೆದ್ದವರು ರಾಯಚೂರಿನ ವಿಜ್ಞಾನ ಮೇಳಕ್ಕೆ ಹೋಗುತ್ತಾರೆ. ಅವಳಿಗೆ ಹೋಗಲೇಬೇಕಿತ್ತು.

"ನಿಂದು ಗಿಡ್ಡ ಅದ. ನಂದು ನೋಡು, ಗೇಣುದ್ದ!"

ಭಾಗ್ಯಜ್ಯೋತಿ ಸುಮ್ಮನಿರುವವಳಲ್ಲ. ದೋಣಿಗೆ ಉದ್ದನೆಯ ಮೂಗು ಅಂಟಿಸಿದಳು. ಅವಳ ಅಜ್ಜ ಮುದುಕಪ್ಪ ಮುತ್ಯಾನ ಹರಿಗೋಲಿನ ಅಂಚು ಎತ್ತರವಿರುತ್ತಿತ್ತಲ್ಲ, ಹಾಗೆ ನೀರು ನುಗ್ಗಬಾರದೆಂದು ಮೂಗನ್ನು ಮೇಲಕ್ಕೆ ಎತ್ತಿ ನಿಲ್ಲಿಸಿದಳು. ಈಗ ಒಂದೂವರೆ ಗೇಣು!

ಏಳನೆಯ ಸಲವೂ ಸೋತಳು. ಕನಕರಾಜ ಆ ಮೂಗನ್ನೇ ಆಸೆಯಿಂದ ನೋಡುತ್ತ ಮನೆಗೆ ಹೋದ.

ತೊಟ್ಟಿಯ ಪಕ್ಕ ಹೊರಸಿನ ಮೇಲೆ ಮಲಗಿದ್ದ ಮುದುಕಪ್ಪ ಮುತ್ಯಾ ನಕ್ಕ. ಕೃಷ್ಣಾ ಹೊಳೆಯಲ್ಲಿ ನಲವತ್ತು ವರ್ಷ ಹರಿಗೋಲು ಹಾಕಿದವನು.

"ನಗಬ್ಯಾಡ ಮುತ್ಯಾ! ನನಗ ಅಳು ಬರಾಕತ್ತದ."

"ಇಲ್ಲಿ ನೋಡವ್ವಾ. ದೋಣಿ ಓಡಿದರ ಮುಂದೊಂದು ತೆರಿ, ಹಿಂದೊಂದು ತೆರಿ. ಜೋರು ಹೋದಂಗ ಅವು ದೂರ ಆಗತಾವ. ದೋಣಿ ಗಿಡ್ಡ ಇದ್ದರ ಬಾಲ ಕುಸೀತದ, ಮೂತಿ ಮ್ಯಾಲೇಳತದ. ತಾನು ಎಬ್ಬಿಸಿದ ತೆರಿನ ತಾನ ಹತ್ತಬೇಕು, ಪಾಪ! ನನ್ನ ಗುಂಡನ್ನ ಹರಿಗೋಲೂ ಹಂಗ. ಎಷ್ಟು ಹುಟ್ಟು ಹಾಕಿದರೂ ಓಡತಿದ್ದಿಲ್ಲ."

"ಉದ್ದ ಮಾಡೀನಲ್ಲ!"

"ಗಾಳ್ಯಾಗ ಉದ್ದ ಮಾಡಿದಿ."

ಭಾಗ್ಯಜ್ಯೋತಿ ಬಗ್ಗಿ ನೋಡಿದಳು. ಮೂಗು ನೀರಿಗೆ ತಾಗಿರಲೇ ಇಲ್ಲ. ಆಮೇಲೆ ಮೂಗನ್ನು ಕಿತ್ತು, ನೀರಿನ ಮೇಲೆ ಮಲಗುವ ಹಾಗೆ ನೇರವಾಗಿ ಅಂಟಿಸಿದಳು.

ಮರುದಿನ ಕನಕರಾಜ ತಂದ ದೋಣಿಯನ್ನು ಅವಳು ಕಣ್ಣಲ್ಲೇ ಅಳೆದಳು. ಅದಕ್ಕೂ ಒಂದು ಮೂಗು ಬಂದಿತ್ತು! ಇಡೀ ದೋಣಿ ಎರಡು ಗೇಣು!

ಶಾಲೆಯ ನೀರಿನ ತೊಟ್ಟಿಯ ಬಳಿ ಟೀಚರ್ ಸೀಟಿ ಊದಿದರು. ಎರಡೂ ದೋಣಿ ಹೊರಟವು. ಅರ್ಧ ದಾರಿಯಲ್ಲೇ ಭಾಗ್ಯಜ್ಯೋತಿಯ ದೋಣಿ ಮುಂದಾಯಿತು, ಮುಂದೆಯೇ ಉಳಿಯಿತು.

"ಮೋಸ ಟೀಚರ್! ನಂದ ಉದ್ದ ಅದ!" ಕನಕರಾಜ ಕೂಗಿದ.

ಭಾಗ್ಯಜ್ಯೋತಿ ಎರಡೂ ದೋಣಿಗಳನ್ನು ಎತ್ತಿ ಕಟ್ಟೆಯ ಮೇಲೆ ಅಕ್ಕಪಕ್ಕ ಇಟ್ಟಳು. "ಎಲ್ಲೀತನ ತೊಯ್ದದ, ಅಲ್ಲೀತನ ಅಳಿ."

ಕನಕರಾಜ ಅಳೆದ. ಅವಳದು ಒಂದೂವರೆ ಗೇಣು. ತನ್ನದು ಒಂದೇ ಗೇಣು. ಅವನ ಮುಖ ಸಪ್ಪಗಾಯಿತು.

ಭಾಗ್ಯಜ್ಯೋತಿ ಅವನ ಹಾಗೇ ಕುಣಿಯಬೇಕೆಂದುಕೊಂಡಿದ್ದಳು. ಯಾಕೋ ಕಾಲು ಏಳಲಿಲ್ಲ. ನಿನ್ನೆ ತೊಟ್ಟಿಯ ಹತ್ತಿರ ತನ್ನ ಮುಖವೂ ಹೀಗೇ ಇದ್ದಿರಬೇಕು.

"ಗಮ್ ತಾ," ಎಂದಳು. "ನಿನ್ನ ಮೂಗು ಕೆಳಗ ಇಳಸೂಣು. ಮತ್ತೊಂದು ರೇಸ್ ಬಿಡೂಣು."