ಸಂಜೆಯ ನೆರಳಿನ ಕಿಟಕಿ

ಮಾತಾಡಿ ಮಾತಾಡಿ ಸಿದೊನಿಯ ಗಂಟಲು ಒಣಗಿತ್ತು. ಆ ಮನುಷ್ಯ ಮಾತ್ರ ಕೈ ಹಿಂದೆ ಕಟ್ಟಿಕೊಂಡು, ತಲೆಯಾಡಿಸುತ್ತ, ಫ್ರಾನ್ಸಿನ ಹಳ್ಳಿಗಾಡಿನ ಆ ವಿಲ್ಮಾರ್ ಕೋಟೆಮನೆಯ ಒಂದೊಂದು ಕಲ್ಲಿನ ಬಗ್ಗೆಯೂ ಪ್ರಶ್ನೆ ಕೇಳುತ್ತಲೇ ಇದ್ದ.

"ಅಂದ್ರೆ ಮೊದಲು ಇದ್ದಿದ್ದು ಈ ಗೋಪುರ ಒಂದೇನಾ?"

"ಅದೊಂದೇ. ಇಂಗ್ಲಿಷರ ಜೊತೆ ಯುದ್ಧ ನಡೀತಿದ್ದ ಕಾಲದ್ದು. ಆಗ ಚೆಂದ ಯಾರಿಗೆ ಬೇಕಿತ್ತು, ತಲೆ ಉಳಿದ್ರೆ ಸಾಕಿತ್ತು. ಆಮೇಲೆ ಕಾಲ ತಣ್ಣಗಾಯ್ತು, ನಮ್ಮೋರಿಗೆ ಷೋಕಿ ಹತ್ತಿತು. ಕಂದಕ ಮುಚ್ಚಿ ಹೂದೋಟ ಮಾಡಿದ್ರು. ಗೋಪುರವನ್ನ ಒಳಗೆ ಸೇರಿಸ್ಕೊಂಡು ಈ ದೊಡ್ಡ ಮುಂಭಾಗ ಕಟ್ಟಿಸಿದ್ರು."

"ಕ್ರಾಂತಿ ಆದಾಗ ಏನೂ ಆಗ್ಲಿಲ್ವಾ?"

"ಆಗದೆ ಇರುತ್ತಾ! ಊರಿನವರು ಬಂದು ಹಿಂದಿನ ಭಾಗವನ್ನೇ ಕಿತ್ಕೊಂಡು ಹೋದ್ರು. ಕೆಳಗೆ ಬೇಕರಿ ಇದೆಯಲ್ಲ, ಅದರ ಹೊಸ್ತಿಲು ನಮ್ಮ ಪ್ರಾರ್ಥನಾ ಮಂದಿರದ್ದು. ಬ್ರೆಡ್ ತರೋಕೆ ಹೋದಾಗಲೆಲ್ಲ ಅದರ ಮೇಲೆ ಸ್ವಲ್ಪ ಹೊತ್ತು ಜಾಸ್ತಿ ನಿಂತ್ಕೋತೀನಿ. ನಮ್ಮದೇ ತಾನೇ."

ಆತ ಬಾಯ್ತುಂಬ ನಕ್ಕ. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಮೊದಲು ಮುಚ್ಚುತ್ತಿತ್ತು. ಸಿದೊನಿ ಅದನ್ನು ಗಮನಿಸಿದಳು, ಗಮನಿಸಿದ್ದಕ್ಕೆ ತನ್ನ ಮೇಲೆಯೇ ಮುನಿಸಿಕೊಂಡಳು.

"ತುಂಬಾ ಚೆನ್ನಾಗಿತ್ತು," ಎಂದ ಆತ. "ಈಗ ಹೇಳಿ, ಏಣಿ ಎಲ್ಲಿ ಇಡ್ಲಿ?"

"ಏಣಿಯಾ?"

"ನಾನು ಗಾಸ್ಪಾರ್. ಕಿಟಕಿ ಬರೆಯೋಕೆ ಬಂದವನು."

ಅವಳ ಮುಖ ಕೆಂಪಗಾಯಿತು. "ಅಯ್ಯೋ ದೇವರೇ! ಪ್ರವಾಸಿ ಅಂದ್ಕೊಂಡೆ. ಮೊದಲೇ ಹೇಳೋಕೆ ನಿಮಗೇನಾಗಿತ್ತು?"

"ಹೇಳೋಕೆ ಬಾಯಿ ತೆಗೆದೆ. ನೀವು ಶೂ ಒರೆಸ್ಕೊಂಡು ಬನ್ನಿ ಅಂದ್ರಿ. ಆಮೇಲೆ ನನ್ನ ಸರದಿ ಬರಲೇ ಇಲ್ಲ, ದೊರೆಸಾನಿಯವ್ರೇ."

ಕಿಟಕಿ ಬರೆಯುವುದು ಎಂದರೆ ಅಕ್ಷರಶಃ ಬರೆಯುವುದೇ. ಹಳೆಯ ಗೋಪುರ ಮನೆಯ ಎಡತುದಿಯಲ್ಲಿ ಗೋಡೆಯೊಳಗೆ ಅಡಗಿ ಕೂತಿದೆ. ಬಲತುದಿಯಲ್ಲೊಂದು ಕಿಟಕಿ ಇದ್ದರೆ ಎಡತುದಿಯಲ್ಲೂ ಒಂದು ಬೇಕೇ ಬೇಕು, ಇಲ್ಲದಿದ್ದರೆ ಆ ಕಾಲದ ಶ್ರೀಮಂತರಿಗೆ ಊಟ ಸೇರುತ್ತಿರಲಿಲ್ಲ. ಆದರೆ ಗೋಪುರದ ಗೋಡೆ ಉಳಿಗೆ ಜಗ್ಗಲಿಲ್ಲ. ಕೊನೆಗೆ ಅದರ ಮೇಲೆಯೇ ಚೌಕಟ್ಟು, ಗಾಜು, ಬಾಗಿಲು ಎಲ್ಲವನ್ನೂ ಬಣ್ಣದಲ್ಲಿ ಬರೆಸಿದರು. ಚೌಕಟ್ಟಿನ ನೆರಳನ್ನೂ ಬರೆಸಿದರು. ನೆರಳಿಲ್ಲದ ಕಿಟಕಿಯನ್ನು ಯಾರೂ ನಂಬುವುದಿಲ್ಲವಲ್ಲ.

ನಿಜವಾದ ನೆರಳು ಸೂರ್ಯನ ಜೊತೆ ಸರಿಯುತ್ತದೆ, ಬರೆದ ನೆರಳು ಸರಿಯುವುದಿಲ್ಲ. ಹಾಗಾಗಿ ಯಾವುದಾದರೂ ಒಂದೇ ಹೊತ್ತನ್ನು ಆರಿಸಿಕೊಳ್ಳಬೇಕು. ಆ ಹೊತ್ತಿಗೆ ಮಾತ್ರ ಸುಳ್ಳು ಕಿಟಕಿ ಉಳಿದವುಗಳ ಜೊತೆ ಬೆರೆತುಹೋಗುತ್ತದೆ. ಸಿದೊನಿಯ ಪೂರ್ವಜ ಬೆಳಗಿನ ಹೊತ್ತನ್ನು ಆರಿಸಿದ್ದ. ರಾಜರು ಬೇಟೆಗೆ ಹೋಗುತ್ತ ಒಂದು ಬೆಳಿಗ್ಗೆ ಈ ದಾರಿಯಲ್ಲಿ ಬರುತ್ತಾರೆ, ಇಳಿದು ಎರಡು ಮಾತಾಡುತ್ತಾರೆ ಎಂದು ಸುದ್ದಿ ಬಂದಿತ್ತಂತೆ. ರಾಜರ ಸಾರೋಟು ಬೇರೆ ದಾರಿ ಹಿಡಿಯಿತು. ನೆರಳು ಮಾತ್ರ ಹಾಗೇ ಉಳಿಯಿತು. ಬಣ್ಣ ಮಾಸಿದಾಗಲೆಲ್ಲ ಪ್ರತಿ ತಲೆಮಾರೂ ಅದೇ ಬೆಳಗಿನ ನೆರಳನ್ನು ಮತ್ತೆ ಬರೆಸುತ್ತ ಬಂತು. ಬಾರದ ರಾಜನಿಗಾಗಿ ಎಷ್ಟು ಶ್ರದ್ಧೆ ನೋಡಿ!

ಈಗ ಆ ಮನೆಯಲ್ಲಿ ಇದ್ದವರು ಸಿದೊನಿ, ಅವಳ ಅಜ್ಜಿ ಒರ್ತಾಂಸ್, ಬಿಜೂ ಎಂಬ ಸೋಮಾರಿ ನಾಯಿ. ಸಿದೊನಿಗೆ ಮನೆಯೆಂದರೆ ಜೀವ. ಆದರೂ ಅದರ ಮೇಲೆ ಒಂದು ಹೊಟ್ಟೆಕಿಚ್ಚು ಇತ್ತು. ಅವಳನ್ನು ನೋಡಲು ಬಂದವರೆಲ್ಲ ಅವಳ ಹೆಗಲಾಚೆ ಮನೆಯನ್ನೇ ನೋಡುತ್ತಿದ್ದರು. ಮದುವೆ ನಿಶ್ಚಯವಾಗಿದ್ದ, ಪ್ಯಾರಿಸ್ಸಿನ ಒಬೆ ಎಂಬವನಂತೂ ಮುತ್ತಿಡುವಾಗಲೂ ಕಣ್ಣನ್ನು ಚಾವಣಿಯ ಚಿತ್ರಗಳ ಮೇಲೆಯೇ ಇಟ್ಟಿರುತ್ತಿದ್ದ. ಒಂದು ದಿನ ಅವನು ಮಲಗುವ ಕೋಣೆಗಳನ್ನು ಹೋಟೆಲಿಗಾಗಿ ಟೇಪು ಹಿಡಿದು ಅಳೆಯುತ್ತಿದ್ದಾಗ ಸಿಕ್ಕಿಬಿದ್ದ. ಅವತ್ತೇ ಸಿದೊನಿ ಉಂಗುರ ಬಿಚ್ಚಿ ಕೊಟ್ಟಳು.

ಗಾಸ್ಪಾರ್ ಅಟ್ಟಣಿಗೆ ಕಟ್ಟಿ, ಮುಂದೆ ದೊಡ್ಡ ಬಟ್ಟೆ ಇಳಿಬಿಟ್ಟು ಕೆಲಸ ಶುರು ಮಾಡಿದ. ಮುಗಿಯುವವರೆಗೆ ಯಾರೂ ನೋಡುವಂತಿಲ್ಲ, ಅದು ಅವನ ಕಾನೂನು. ಸಂಜೆಯಾಗುತ್ತ ಬಂದಾಗ ಸಿದೊನಿ ಕೋಳಿ ಮುಚ್ಚಲು ಪಾರಿವಾಳದ ಗೂಡಿನ ಕಡೆ ಹೋಗುತ್ತಿದ್ದಳು. ಗೂಡು ಅಂದರೆ ದುಂಡನೆಯ ಕಲ್ಲಿನ ಕಟ್ಟಡ. ಹಿಂದೆ ಪಾರಿವಾಳ ಸಾಕುವ ಹಕ್ಕು ದೊರೆಗಳಿಗೆ ಮಾತ್ರ ಇತ್ತು. ಈಗ ಅಲ್ಲಿ ಕೋಳಿಗಳದೇ ದರ್ಬಾರು.

ಆ ಹೊತ್ತಿಗೆ ಸರಿಯಾಗಿ ಬಟ್ಟೆಯ ಅಂಚಿನಿಂದ ಗಾಸ್ಪಾರನ ತಲೆ ಹೊರಗೆ ಬರುತ್ತಿತ್ತು.

"ದೊರೆಸಾನಿಯವ್ರೇ, ಇವತ್ತು ಎಷ್ಟು ಮೊಟ್ಟೆ?"

"ನಿಮಗೆ ಯಾಕೆ? ನೀವು ಇಟ್ಟಿದ್ದಾ?"

"ಅಜ್ಜಿ ಆಮ್ಲೆಟ್ ಮಾಡ್ತೀನಿ ಅಂದಿದ್ದಾರೆ. ಲೆಕ್ಕ ನನಗೂ ಬೇಕಲ್ಲ."

ಬಿಜೂ ಅವಳ ಕಾಲಿಗೆ ಸಿಕ್ಕಿಕೊಂಡಿತು. "ದೂರ ಹೋಗು ನೀನು!" ಎಂದು ಗದರಿದಳು.

ಮೇಲಿನಿಂದ ನಗು ಕೇಳಿತು. "ನಿಮ್ಮನೇಲಿ 'ನೀನು' ಅನ್ನಿಸ್ಕೋಬೇಕಾದ್ರೆ ನಾಯಿಯಾಗೇ ಹುಟ್ಟಬೇಕೇನೋ. ಅಜ್ಜಿ ಕೂಡ ನಿಮ್ಮನ್ನ ನೀವು ಅಂತಾರೆ!"

"ಹಳೇ ಮನೆತನ, ಹಳೇ ಅಭ್ಯಾಸ. ನಾಯಿಗೆ, ದೇವರಿಗೆ ಮಾತ್ರ ನೀನು. ಮನಸ್ಸಿಗೆ ಹತ್ತಿರದವರಿಗೆಲ್ಲ ನೀವು. ಅಜ್ಜ ಸಾಯೋ ತನಕ ಅಜ್ಜಿಗೆ ನೀವು ಅಂತಲೇ ಅಂದ್ರು."

"ಹಾಗಾದ್ರೆ ನನಗೆ ನೀವು ಅಂತೀರಲ್ಲ, ಅದು ದೂರದವನು ಅಂತಲೋ, ಹತ್ತಿರದವನು ಅಂತಲೋ?"

ಸಿದೊನಿ ಮೊಟ್ಟೆಯ ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡಳು. "ನೀವು ಕುಂಚ ಅದ್ದಿ, ಬಣ್ಣ ಒಣಗ್ತಿದೆ," ಎಂದು ಸರಸರನೆ ನಡೆದಳು.

ಗೂಡಿನ ಬಾಗಿಲಲ್ಲಿ ನಿಂತು, ನೋಡಬಾರದು ಎಂದುಕೊಂಡೇ ತಿರುಗಿ ನೋಡಿದಳು. ಗಾಸ್ಪಾರ್ ಕುಂಚವನ್ನು ಕೈಯಳತೆಗೆ ಚಾಚಿ ಹಿಡಿದು, ಎಡಗಣ್ಣು ಮುಚ್ಚಿ, ಅವಳ ಕಡೆಯೇ ದಿಟ್ಟಿಸುತ್ತಿದ್ದ. ಅವಳು ಬಾಗಿಲ ಚಿಲಕ ಹಾಕುವುದನ್ನೇ ಮರೆತಳು. ಮರುಕ್ಷಣವೇ ಮನಸ್ಸು ಕಹಿಯಾಯಿತು. ತನ್ನ ಬೆನ್ನ ಹಿಂದೆ ಅಷ್ಟು ಚೆಂದದ ಕಲ್ಲಿನ ಗೂಡು ಇರುವಾಗ ಅವನು ನೋಡುತ್ತಿರುವುದು ತನ್ನನ್ನೇ? ಇನ್ನೊಬ್ಬ ಬಂದ ಅಳತೆಗಾರ, ಎಂದುಕೊಂಡಳು. ಆದರೂ ಮಾರನೆಯ ಸಂಜೆ ಕೋಳಿ ಮುಚ್ಚಲು ಹೊರಡುವ ಮುಂಚೆ ಕೂದಲು ಬಾಚಿಕೊಂಡಳು. ಅಜ್ಜಿ ಅದನ್ನು ನೋಡಿಯೂ ನೋಡದ ಹಾಗೆ ಬೀನ್ಸ್ ಬಿಡಿಸುತ್ತ ಕೂತರು.

ದಿನಗಳು ಹೀಗೆಯೇ ಉರುಳಿದವು. ಸೆಪ್ಟೆಂಬರಿನಲ್ಲಿ ಊರಿನ ಹಳೆಯ ಮನೆಗಳೆಲ್ಲ ಜನರಿಗೆ ಬಾಗಿಲು ತೆರೆಯುವ ಭಾನುವಾರ ಬರುತ್ತದಲ್ಲ, ಅದರ ಹಿಂದಿನ ದಿನ ಬೆಳಿಗ್ಗೆ ಗಾಸ್ಪಾರ್ ಅಟ್ಟಣಿಗೆ ಬಿಚ್ಚಿದ. ಮುಂದಿನ ಕೆಲಸ ದೂರದ ಬೋರ್ಡೋ ಕಡೆ ಸಿಕ್ಕಿತ್ತು, ಅವತ್ತೇ ಹೊರಡಬೇಕು. ಸಿದೊನಿಗೆ ರಾತ್ರಿ ಸರಿಯಾಗಿ ನಿದ್ದೆಯಿರಲಿಲ್ಲ. ಇರಿ ಎಂದು ಹೇಗೆ ಹೇಳುವುದು? ಯಾವ ನೆಪದಿಂದ ಹೇಳುವುದು?

ಬಟ್ಟೆ ಜಾರಿ ಬಿತ್ತು.

ಬೆಳಗಿನ ಬಿಸಿಲಿಗೆ ಎಲ್ಲ ಕಿಟಕಿಗಳ ನೆರಳೂ ಎಡಕ್ಕೆ ಚಾಚಿಕೊಂಡಿತ್ತು. ಹೊಸ ಕಿಟಕಿಯ ನೆರಳು ಬಲಕ್ಕೆ! ಸಾಲಿನಲ್ಲಿ ಒಬ್ಬನೇ ಮುಖ ತಿರುಗಿಸಿ ನಿಂತ ಹಾಗಿತ್ತು.

"ಇದೇನಿದು?" ಸಿದೊನಿಯ ದನಿ ಏರಿತು. "ನೆರಳು ತಿರುಗಾಮುರುಗಾ ಆಗಿದೆ!"

"ಗೊತ್ತು."

"ಗೊತ್ತಿದ್ದೂ ಬರೆದ್ರಾ? ಬೇಕಂತಲೇ?"

"ಬೇಕಂತಲೇ."

"ನಾಳೆ ಊರಿಗೆ ಊರೇ ಬರುತ್ತೆ! ನಗೆಪಾಟಲಾಗ್ಲಿ ಅಂತ ಮಾಡಿದ್ರಾ? ನಮ್ಮ ಮನೆತನ ಇಷ್ಟು ಕಾಲ ಕಾಪಾಡ್ಕೊಂಡು ಬಂದಿದ್ದನ್ನ ಅಳಿಸೋಕೆ ನೀವು ಯಾರು?"

ಗಾಸ್ಪಾರನ ಮುಖದಿಂದ ನಗು ಇಳಿದುಹೋಯಿತು. ಏನೋ ಹೇಳಲು ಹೊರಟವನು ಕೈಯನ್ನು ಬಟ್ಟೆಗೆ ಒರೆಸಿಕೊಂಡ. "ನಾನು ಯಾರೂ ಅಲ್ಲ. ಹೇಳಬೇಕಾಗಿದ್ದನ್ನ ಗೋಡೆ ಮೇಲೆ ಹೇಳಿದ್ದೀನಿ. ಹಿಡಿಸದಿದ್ರೆ ಸುಣ್ಣ ಬಳಿಸಿ, ಬೇರೆಯವರ ಕೈಲಿ ಬರೆಸ್ಕೊಳ್ಳಿ," ಎಂದು ಹಲಗೆಗಳನ್ನು ಹೊತ್ತು ವ್ಯಾನಿನ ಕಡೆ ಹೋದ.

ಮಧ್ಯಾಹ್ನದ ಊಟಕ್ಕೆ ಅವನು ಬರಲಿಲ್ಲ. ಸಿದೊನಿ ತಟ್ಟೆಯಲ್ಲಿ ಫೋರ್ಕ್ ಆಡಿಸುತ್ತ ಕೂತಳು.

"ನಿಮಗೂ ಬೇಜಾರಾಗಿರಬೇಕಲ್ಲ ಅಜ್ಜಿ? ರಾಜರ ನೆರಳು ಹೋಯ್ತು."

ಒರ್ತಾಂಸ್ ಅಜ್ಜಿ ಚೀಸ್ ಕತ್ತರಿಸುತ್ತ ಹೇಳಿದರು, "ಆ ರಾಜ ಬರೋ ಮನುಷ್ಯ ಅಲ್ಲ ಅಂತ ನನಗೆ ಮದುವೆಯಾದ ವರ್ಷವೇ ಗೊತ್ತಾಯ್ತು, ಮಗಳೇ. ನಿಮ್ಮ ಅಜ್ಜನಿಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ದೆ. ನೀವು ಊಟ ಮಾಡಿ. ಅಳೋದಿದ್ರೆ ಆಮೇಲೆ ಅಳಿ."

"ನಾನ್ಯಾಕೆ ಅಳ್ಲಿ!" ಎಂದು ಸಿದೊನಿ ಎದ್ದುಹೋದಳು. ಮೆಟ್ಟಿಲ ಮೇಲೆ ಕೂತು ಚೆನ್ನಾಗಿ ಅತ್ತಳು.

ಸಂಜೆ ಕೋಳಿಗಳಿಗೆ ಯಾರ ವಿರಹವೂ ತಿಳಿಯುವುದಿಲ್ಲ. ಅವುಗಳನ್ನು ಒಳಗೆ ಅಟ್ಟಿ, ಮೊಟ್ಟೆಗಳನ್ನು ಬುಟ್ಟಿಯಲ್ಲಿಟ್ಟು, ಸಿದೊನಿ ಗೂಡಿನ ಬಾಗಿಲು ಎಳೆದು ತಿರುಗಿದಳು. ಅಭ್ಯಾಸಬಲದಿಂದ ಕಣ್ಣು ಎಡತುದಿಗೆ ಹೋಯಿತು.

ಅಲ್ಲಿ ಸುಳ್ಳು ಕಿಟಕಿ ಇರಲಿಲ್ಲ.

ಬಿಸಿಲು ಪಡುವಣದಿಂದ ಬೀಳುತ್ತಿತ್ತು. ಎಲ್ಲ ಕಿಟಕಿಗಳ ನೆರಳೂ ಬಲಕ್ಕೆ ಚಾಚಿ, ಸಾಲಾಗಿ ನಿಂತಿತ್ತು. ಕೊನೆಯದರ ಬಾಗಿಲು ಅರೆ ತೆರೆದಿತ್ತು, ಗಾಜಿನಲ್ಲಿ ಹೊಂಬಿಸಿಲು ಹೊಳೆಯುತ್ತಿತ್ತು. ಈಗ ಯಾರೋ ಅದನ್ನು ತೆರೆದು ಹೊರಗೆ ಬಗ್ಗಿ ನೋಡುತ್ತಾರೆ ಅನ್ನಿಸಿತು. ಹುಟ್ಟಿದಾಗಿನಿಂದ ಈ ಗೋಡೆ ನೋಡಿದವಳ ಕಣ್ಣೇ ಮೋಸಹೋಯಿತು. ಎರಡು ಹೆಜ್ಜೆ ಪಕ್ಕಕ್ಕೆ ಸರಿದಳು. ಕಿಟಕಿ ಚಪ್ಪಟೆಯಾಗಿ ಗೋಡೆಗೆ ಅಂಟಿಕೊಂಡಿತು. ಮತ್ತೆ ಗೂಡಿನ ಬಾಗಿಲಿಗೆ ಬಂದು ನಿಂತಳು. ಕಿಟಕಿ ಮತ್ತೆ ತೆರೆದುಕೊಂಡಿತು.

ಇಲ್ಲಿಂದಲೇ ಕಾಣಬೇಕು. ಈ ಹೊತ್ತಿಗೇ ಕಾಣಬೇಕು. ಈ ಹೊತ್ತಿಗೆ ಇಲ್ಲಿ ಅವಳನ್ನು ಬಿಟ್ಟು ಇನ್ನು ಯಾರು ನಿಲ್ಲುತ್ತಾರೆ?

ಕುಂಚ ಹಿಡಿದು, ಒಂದು ಕಣ್ಣು ಮುಚ್ಚಿ ಅವನು ಅಳೆಯುತ್ತಿದ್ದದ್ದು ಅವಳು ನಿಂತ ಜಾಗವನ್ನು. ಬಂದವರೆಲ್ಲ ಅವಳನ್ನು ದಾಟಿ ಮನೆಯನ್ನು ನೋಡಿದ್ದರು. ಇವನು ಆ ಮನೆಯೇ ಅವಳ ಕಡೆ ನೋಡುವ ಹಾಗೆ ಮಾಡಿಟ್ಟಿದ್ದ.

"ಅಯ್ಯೋ, ನಾನೆಂಥಾ ಪೆದ್ದಿ!" ಎಂದು ಸಿದೊನಿ ಬುಟ್ಟಿಯನ್ನು ಅಲ್ಲೇ ಬಿಟ್ಟು ಓಡಿದಳು. ರಬ್ಬರ್ ಬೂಟು ಕಾಲಲ್ಲಿ ಪಟಪಟ ಬಡಿಯುತ್ತಿತ್ತು. ಇದೇನೋ ಆಟ ಎಂದು ಬಿಜೂ ಬೊಗಳುತ್ತ ಹಿಂದೆಯೇ ಬಂತು.

ವ್ಯಾನು ದೊಡ್ಡ ಗೇಟಿನ ಮುಂದೆ ನಿಂತಿತ್ತು. ಸಂಜೆ ಗೇಟಿಗೆ ಬೀಗ ಹಾಕುವುದು ಸಿದೊನಿಯದೇ ಕೆಲಸ, ಬೀಗದ ಕೈ ಇದ್ದದ್ದು ಅವಳ ಕೊರಳಲ್ಲಿ. ಸಿಟ್ಟಿನಲ್ಲಿ ಅವತ್ತು ಹೊತ್ತಿಗೆ ಮುಂಚೆಯೇ ಜಡಿದಿದ್ದಳು. ಗಾಸ್ಪಾರ್ ಬಾನೆಟ್ಟಿಗೆ ಒರಗಿ ನಿಂತಿದ್ದ.

"ಗೇಟ್ ತೆಗೀರಿ. ಕತ್ತಲಾಗೋದ್ರೊಳಗೆ ಹೆದ್ದಾರಿ ಸೇರಬೇಕು."

"ತೆಗೆಯಲ್ಲ," ಎಂದಳು ಏದುಸಿರು ಬಿಡುತ್ತ.

"ಇದೊಳ್ಳೆ ಕಥೆ! ದೊರೆಗಳ ಕಾಲ ಮುಗೀತು ಕಣ್ರೀ, ಸೆರೆಯಲ್ಲಿಡೋ ಹಾಗಿಲ್ಲ."

"ಬೆಳಿಗ್ಗೆ ಬಾಯಿ ಬಿಟ್ಟು ಹೇಳೋಕೇನಾಗಿತ್ತು? ಈ ಹೊತ್ತಿಗೆ ನೋಡಿ ಅಂತ ಒಂದು ಮಾತು!"

ಅವನು ಬೂಟಿನ ತುದಿಯಿಂದ ಜಲ್ಲಿಕಲ್ಲು ಸರಿಸಿದ. "ಹೇಳಿದ್ರೆ ನೋಡ್ತಿದ್ರಿ. ಹೇಳದೆ ನೋಡ್ತೀರಾ ಅಂತ ನನಗೆ ಬೇಕಿತ್ತು. ದಿನಾ ಸಂಜೆ ಗೂಡಿನ ಹತ್ರ ನಿಂತು ತಿರುಗಿ ನೋಡ್ತಿದ್ರಲ್ಲ, ಅದು ನನ್ನನ್ನೋ, ಗೋಡೆಯನ್ನೋ ಗೊತ್ತಾಗ್ತಿರಲಿಲ್ಲ. ರಾಜನಿಗೆ ಅಂತ ಬರೆಯೋಕೆ ಕೂತೆ, ಕೈ ಬರಲಿಲ್ಲ. ನನಗೆ ಆ ರಾಜ ಯಾರು? ಈ ಕಿಟಕಿ ಎದುರಿಗೆ ದಿನಾ ಬರೋರು ನೀವು. ನೀವು ಬರೋ ಹೊತ್ತಿಗೆ ಇದು ಚೆಂದ ಕಾಣ್ಲಿ ಅನ್ನಿಸ್ತು. ಅಷ್ಟೇ."

"ಅಷ್ಟೇನಾ?"

"ಅಷ್ಟೇ ಅಲ್ಲ." ಅವನ ಕಿವಿ ಕೆಂಪಗಾಗಿತ್ತು. "ನಿಮ್ಮನ್ನ ಕಂಡ್ರೆ ನನಗೆ ಪ್ರಾಣ. ಸಾಕಾ? ಈಗ ಗೇಟ್ ತೆಗೀರಿ, ನಾಚಿಕೆ ಆಗ್ತಿದೆ."

ಸಿದೊನಿಗೆ ನಗು, ಅಳು ಒಟ್ಟಿಗೆ ಬಂತು. ಕೊರಳಿನಿಂದ ಬೀಗದ ಕೈ ತೆಗೆದು ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಚಿದಳು. ಬಣ್ಣದ ಕಲೆಯ ಒರಟು ಬೆರಳುಗಳು. ಕೈ ಬಿಡಲು ಮನಸ್ಸಾಗಲಿಲ್ಲ.

"ನೋಡ್ತಿದ್ದದ್ದು ನಿಮ್ಮನ್ನೇ. ದೂರದವನೋ ಹತ್ತಿರದವನೋ ಅಂತ ಕೇಳಿದ್ರಲ್ಲ, ಹತ್ತಿರದವರು ನೀವು. ಸಾಯೋ ತನಕ ಹೀಗೇ ನೀವು ಅಂತೀನಿ, ಬೇಜಾರು ಮಾಡ್ಕೋಬೇಡಿ."

ಗಾಸ್ಪಾರನ ಎಡಗಣ್ಣು ಮೊದಲು ಮುಚ್ಚಿತು, ಆಮೇಲೆ ಬಲಗಣ್ಣು. ಮುತ್ತು ಉಪ್ಪುಪ್ಪಾಗಿತ್ತು, ಅತ್ತದ್ದು ಅವಳೇ ತಾನೇ. ಈ ಸಲ ಯಾರ ಕಣ್ಣೂ ಕೋಟೆಮನೆಯ ಮೇಲಿರಲಿಲ್ಲ. ಬೋರ್ಡೋದವರಿಗೆ ಒಂದು ವಾರ ತಡವಾಗುತ್ತದೆಂದು ಗಾಸ್ಪಾರ್ ಅಲ್ಲೇ ನಿಂತು ಫೋನ್ ಮಾಡಿ ಹೇಳಿದ.

ಭಾನುವಾರ ಬೆಳಿಗ್ಗೆ ಅಂಗಳದ ತುಂಬ ಜನ. ಗೋಪುರ, ಯುದ್ಧ, ಕ್ರಾಂತಿ, ಬೇಕರಿಯ ಹೊಸ್ತಿಲು ಎಲ್ಲವನ್ನೂ ಸಿದೊನಿ ಹೇಳಿ ಮುಗಿಸುವಷ್ಟರಲ್ಲಿ ಬೇಕರಿಯ ಮುದುಕಿಯೇ ಬೆರಳು ತೋರಿಸಿದಳು.

"ಅಲ್ಲಾ ಸಿದೊನಿ, ಆ ಕೊನೇ ಕಿಟಕಿ ನೆರಳು ಉಲ್ಟಾ ಬಿದ್ದಿದೆಯಲ್ಲ?"

ಜನ ಕಿಸಕ್ಕನೆ ನಕ್ಕರು. ಅಂಗಳದ ತುದಿಯಲ್ಲಿ ಕುರ್ಚಿ ಹಾಕುತ್ತಿದ್ದ ಗಾಸ್ಪಾರ್ ಹಾಗೇ ನಿಂತ.

"ಉಲ್ಟಾ ಅಲ್ಲ. ಅದು ಸಂಜೆಯ ಕಿಟಕಿ," ಎಂದಳು ಸಿದೊನಿ. "ಸಂಜೆವರೆಗೂ ಇದ್ರೆ ಗೊತ್ತಾಗುತ್ತೆ."

"ಸಂಜೆ ಯಾವ ರಾಜ ಬರ್ತಾನೆ?" ಎಂದಳು ಮುದುಕಿ.

"ರಾಜ ಯಾರೂ ಬರಲ್ಲ," ಎಂದಳು ಅವಳು, ಗಾಸ್ಪಾರನನ್ನೇ ನೋಡುತ್ತ. "ಕೋಳಿ ಮುಚ್ಚೋಕೆ ನಾನು ಬರ್ತೀನಿ."