ನೋಡೋಕೆ ಬರ್ತಾನಂತೆ

ಯಮುನಾ ಚಿಕ್ಕಮ್ಮನ ಫೋನು ಬಂದಾಗ ಭವ್ಯ ಅಳುವುದೊಂದು ಬಾಕಿ. ಯಾರದೋ ಮದುವೆಯ ವಿಡಿಯೋ ಎಡಿಟ್ ಮಾಡುತ್ತಿದ್ದಳು. ತಾಳಿ ಹಿಡಿದ ವರನ ಕೈ ವಧುವಿನ ಕತ್ತಿನವರೆಗೂ ಹೋಗಿ ಅಲ್ಲೇ ನಿಂತುಬಿಟ್ಟಿತ್ತು. ಅವಳ ಹಳೇ ಲ್ಯಾಪ್‌ಟಾಪಿನ ಹಣೆಬರಹವೇ ಅಷ್ಟು. ಈಗಿನ ಕ್ಯಾಮೆರಾಗಳ ಫೋರ್‌ಕೆ ವಿಡಿಯೋ ಹಾಕಿದರೆ ಮುದಿ ಎತ್ತಿನ ಹಾಗೆ ಎರಡು ಹೆಜ್ಜೆಗೊಮ್ಮೆ ಕೂತುಬಿಡುತ್ತಿತ್ತು.

"ಭಾನುವಾರ ಫ್ರೀ ಇಟ್ಕೊಳೇ," ಕೆ.ಆರ್. ಪುರದ ಟ್ರಾಫಿಕ್ಕಿನ ನಡುವಿನಿಂದ ಚಿಕ್ಕಮ್ಮ ಕಿರುಚಿದಳು. "ನಮ್ಮ ಮಹಡಿ ಮೇಲಿನ ಮನೆಗೆ ಬಾಡಿಗೆಗೆ ಬಂದವ್ನಲ್ಲ, ಪ್ರೇಮ್‌ಕುಮಾರ್, ಅವ್ನು..." ಪೋಂ ಅಂತ ಒಂದು ಲಾರಿ ಹಾರ್ನು. "...ನೋಡೋಕೆ ಬರ್ತಾನಂತೆ. ಇಂದಿರಾನಗರ ಮೆಟ್ರೋ ಹತ್ರ. ಒಳ್ಳೇ ಹುಡುಗ ಕಣೇ. ನಿಂಗಿಷ್ಟ ಆದ್ರೆ ಅವತ್ತೇ ಮುಗಿಸ್ಬಿಡು, ಜಾಸ್ತಿ ಯೋಚ್ನೆ ಮಾಡ್ಬೇಡ."

ಆ ಹಾಳು ಲಾರಿ ನುಂಗಿದ್ದು ಒಂದೇ ಒಂದು ಪದವನ್ನು. 'ಲ್ಯಾಪ್‌ಟಾಪ್' ಅನ್ನುವ ಪದ. ಮಗಳ ಗೋಳು ನೋಡಲಾರದೆ ಅಮ್ಮ ಮುನಿಗಂಗಮ್ಮ ತಂಗಿಗೆ ಹೇಳಿದ್ದು, ತಂಗಿ ಮಹಡಿಯ ಹುಡುಗನನ್ನು ಹಿಡಿದದ್ದು, ಇದೊಂದೂ ಭವ್ಯಳಿಗೆ ಗೊತ್ತಿಲ್ಲ. ಅವಳಿಗೆ ಗೊತ್ತಿದ್ದದ್ದು ಇಷ್ಟೇ: ಚಿಕ್ಕಮ್ಮನ ಬಾಯಲ್ಲಿ 'ನೋಡೋಕೆ ಬರ್ತಾನೆ' ಅನ್ನುವುದಕ್ಕೆ ಇರುವುದು ಒಂದೇ ಅರ್ಥ.

ಹಾಗೆ ನೋಡಲು ಬಂದವರೇನು ಕಡಿಮೆಯೇ? ಎಲ್ಲರೂ ಕೇಸರಿಬಾತ್ ತಿಂದು, ಕೈ ಒರೆಸಿಕೊಂಡು ಕೇಳಿದ್ದು ಒಂದೇ ಮಾತು. "ಮದ್ವೆ ಆದ್ಮೇಲೆ ಈ ಎಡಿಟಿಂಗ್ ಗಿಡಿಟಿಂಗ್ ಎಲ್ಲಾ ಬಿಡ್ತಾರಲ್ವಾ?" ಊರವರ ಮದುವೆಗಳನ್ನೆಲ್ಲ ಕೂತು ಚೆಂದ ಮಾಡಿಕೊಡುವ ಹುಡುಗಿಗೆ, ಅವಳ ಕೆಲಸವನ್ನು ಕೆಲಸ ಎಂದು ಕಾಣುವ ಗಂಡೊಂದು ಲಿಂಗರಾಜಪುರದಿಂದ ಕೆ.ಆರ್. ಪುರದವರೆಗೆ ಸಿಕ್ಕಿರಲಿಲ್ಲ. ಇವನೂ ಅದೇ ರಾಗ ಎಳೆದರೆ ಇದೇ ಕೊನೆ, ಇನ್ನು ಯಾರ ಮುಂದೆಯೂ ಕೂರುವುದಿಲ್ಲ ಅಂತ ತೀರ್ಮಾನ ಮಾಡಿಯೇ ಭವ್ಯ ಭಾನುವಾರ ಆಟೋ ಹತ್ತಿದಳು.

ಮೆಟ್ರೋ ಮೆಟ್ಟಿಲ ಹತ್ತಿರ ಅವನೇ ಗುರುತು ಹಿಡಿದ. ತೋಳು ಮಡಚಿದ ನೀಲಿ ಶರ್ಟು, ಎಣ್ಣೆ ಕಾಣದ ಕೂದಲು. ನಕ್ಕರೆ ಮೊದಲು ತುಟಿಯ ಎಡಗಡೆ ನಗುತ್ತಿತ್ತು, ಬಲಗಡೆ ಆಮೇಲೆ ನಿಧಾನವಾಗಿ ಬಂದು ಸೇರಿಕೊಳ್ಳುತ್ತಿತ್ತು. ಅದನ್ನು ಇನ್ನೊಂದು ಸಲ ನೋಡಬೇಕೆನಿಸಿ ಭವ್ಯ ತನಗೆ ತಾನೇ ಬೈದುಕೊಂಡಳು.

"ಮೊದ್ಲು ಕಾಫಿ ಕುಡಿಯೋಣ್ವಾ? ಸ್ವಲ್ಪ ಮಾತಾಡ್ಕೊಂಡ್ರೆ ಆಯ್ಕೆ ಸುಲಭ ಆಗುತ್ತೆ," ಅಂದ.

ಪರವಾಗಿಲ್ಲ, ನೇರ ಮನುಷ್ಯ ಅಂದುಕೊಂಡಳು. ದರ್ಶಿನಿಯ ಎತ್ತರದ ಟೇಬಲ್ಲಿನ ಆಚೆ ಈಚೆ ಇಬ್ಬರೂ ನಿಂತರು.

"ಕೆಲಸ ಹೊರಗಡೆ ಓಡಾಡ್ಕೊಂಡಾ, ಇಲ್ಲ ಮನೇಲೇನಾ?"

ಬಂತು ನೋಡಿ! "ಎರಡೂ. ಕೆಲವು ಸಲ ಛತ್ರದಲ್ಲೇ ಕೂತು ಮುಗಿಸ್ತೀನಿ. ಯಾಕೆ, ತೊಂದ್ರೆನಾ?"

"ನಂಗೇನ್ ತೊಂದ್ರೆ? ಓಡಾಟ ಇದ್ರೆ ಭಾರ ಕಮ್ಮಿ ಇರ್ಬೇಕು, ಅಷ್ಟೇ."

ಭವ್ಯ ಬೆಳಿಗ್ಗೆ ಬಾರಿಸಿದ್ದ ಇಡ್ಲಿಗಳನ್ನು ನೆನೆದು ದುಪಟ್ಟಾ ಸರಿಮಾಡಿಕೊಂಡಳು.

"ಹಾಗಂತ ಸ್ಲಿಮ್ಮಾಗಿ, ನೋಡೋಕೆ ಚೆಂದ ಅಂತ ಮರುಳಾಗ್ಬಾರ್ದು ರೀ," ಅವನು ಕಾಫಿ ಆರಿಸುತ್ತ ಮುಂದುವರಿಸಿದ. "ಸ್ವಲ್ಪ ಕೆಲಸ ಜಾಸ್ತಿ ಕೊಟ್ರೆ ಸಾಕು, ಬಿಸಿಯಾಗೋದು. ಅದಿರ್ಲಿ, ಬಜೆಟ್ ಬಗ್ಗೆ ಮನೇಲಿ ಮಾತಾಡಿದೀರಾ?"

"ನಮ್ಮನೇಲಿ ಕೊಡೋದು ತಗೊಳೋದು ಇಲ್ಲ," ಭವ್ಯಳ ದನಿ ಖಾರವಾಯಿತು.

"ಪರ್ವಾಗಿಲ್ಲ ಬಿಡಿ, ಇಎಂಐ ಮಾಡ್ಸೋಣ."

ವರದಕ್ಷಿಣೆಗೂ ಇಎಂಐ! ಇಂಥ ಗಂಡನ್ನು ಅವಳು ಕಂಡಿರಲಿಲ್ಲ, ಕೇಳಿರಲಿಲ್ಲ. ಸಿಟ್ಟು ಮಾಡಬೇಕೋ ನಗಬೇಕೋ ತಿಳಿಯದೆ ಲೋಟದ ಅಂಚನ್ನೇ ಉಜ್ಜಿದಳು. ಅವನ ಕಣ್ಣಲ್ಲಿ ನೋಡಿದರೆ ದುರಾಸೆ ಅನ್ನುವುದರ ಸುಳಿವೇ ಇಲ್ಲ. ಮಗುವಿಗೆ ಮಗ್ಗಿ ಹೇಳಿಕೊಡುವವರ ಹಾಗೆ ತಾಳ್ಮೆಯಿಂದ ಅವಳನ್ನೇ ನೋಡುತ್ತಿದ್ದಾನೆ.

"ಸೆಕೆಂಡ್ ಹ್ಯಾಂಡ್ ಆದ್ರೆ ನಿಮಗೆ ಬೇಜಾರಿಲ್ವಾ?" ಅಂತ ದನಿ ತಗ್ಗಿಸಿ ಕೇಳಿದ.

ಅಯ್ಯೋ ಪಾಪ, ಇವನಿಗೆ ಆಗಲೇ ಒಂದು ಮದುವೆಯಾಗಿತ್ತೇ? ಚಿಕ್ಕಮ್ಮ ಅದನ್ನು ಮುಚ್ಚಿಟ್ಟಳೇ? "ಮೊದಲನೇವ್ರು ಯಾಕ್ ಬಿಟ್ರು ಅಂತ ಗೊತ್ತಾಗ್ಬೇಕಲ್ವಾ?" ಎಂದಳು ಮೆಲ್ಲಗೆ.

"ಕರೆಕ್ಟ್! ನಾನು ಹೇಳೋದೂ ಅದೇ. ಎಷ್ಟೋ ಜನ ಚೆನ್ನಾಗಿ ನೋಡ್ಕೊಂಡಿರಲ್ಲ."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಹಾಗೆ ನಡೆದಿತ್ತು ಇವರ ಮಾತು. ಭವ್ಯಳ ತಲೆ ಗಿರ್ರೆನ್ನುತ್ತಿತ್ತು. ಇಷ್ಟಾದರೂ ಎದ್ದು ಹೋಗುವ ಮನಸ್ಸಾಗಲಿಲ್ಲ, ಅದೇ ಅವಳಿಗೆ ದೊಡ್ಡ ಗೊಂದಲ. ಕಡೆಗೆ ಧೈರ್ಯ ಮಾಡಿ ಕೇಳಿಯೇಬಿಟ್ಟಳು.

"ಒಂದ್ ವಿಷ್ಯ. ಆಮೇಲೆ ಈ ಎಡಿಟಿಂಗ್ ಕೆಲಸ ಬಿಟ್ಬಿಡು ಅಂದ್ರೆ?"

ಅವನು ಲೋಟ ಕೆಳಗಿಟ್ಟ. ನಿಜವಾಗಿಯೂ ಅರ್ಥವಾಗದವನ ಹಾಗೆ ಹುಬ್ಬು ಗಂಟಿಕ್ಕಿದ. "ಕೆಲಸ ಯಾಕ್ರೀ ಬಿಡ್ಬೇಕು? ಬಿಡೋದಾದ್ರೆ ಇದೆಲ್ಲಾ ಯಾಕೆ? ನಿಮ್ಮ ಕೆಲಸ ಇನ್ನೂ ಚೆನ್ನಾಗಿ ನಡೀಲಿ ಅಂತಾನೇ ಅಲ್ವಾ?"

ಮುಗಿಯಿತು. ಭವ್ಯ ಅಲ್ಲೇ, ಆ ಕಾಫಿ ಕಲೆಯ ಟೇಬಲ್ಲಿನ ಮುಂದೆಯೇ ಸೋತುಹೋದಳು. ಯಾರ ಬಾಯಿಂದಲಾದರೂ ಈ ಮಾತು ಕೇಳಬೇಕೆಂದು ಕಾದು ಕಾದು ಸಾಕಾಗಿದ್ದಳು. ಕಣ್ಣು ತುಂಬಿದ್ದು ಕಾಣದಿರಲೆಂದು ಬೀದಿಯ ಕಡೆ ತಿರುಗಿದಳು.

"ಬನ್ನಿ, ಎದುರಿಗೇ ಇದೆ," ಅವನೂ ಬೀದಿಯ ಕಡೆ ಕೈ ತೋರಿಸಿದ. "ನೀವ್ ಬರೋಕ್ ಮುಂಚೆ ನಾನು ಮೂರು ನೋಡ್ದೆ. ಒಂದು ಮನಸ್ಸಿಗೆ ಬಂತು."

ತುಂಬಿದ್ದ ಕಣ್ಣು ಕೆಂಡವಾಯಿತು. "ಮೂರು ಜನಾನಾ? ಇವತ್ ಬೆಳಿಗ್ಗೆನಾ? ನಾಚ್ಕೆ ಆಗಲ್ವೇನ್ರೀ ನಿಮ್ಗೆ, ಮೂರು ಹುಡ್ಗೀರನ್ನ ನೋಡಿ ನನ್ ಹತ್ರ ಬಂದು..."

"ಹುಡ್ಗೀರಾ? ಲ್ಯಾಪ್‌ಟಾಪ್ ರೀ! ಮೂರು ಲ್ಯಾಪ್‌ಟಾಪ್!"

ಪಕ್ಕದ ಟೇಬಲ್ಲಿನವರು ದೋಸೆ ಮುರಿಯುವುದನ್ನು ನಿಲ್ಲಿಸಿ ನೋಡಿದರು.

"ಆಂಟಿ ನಿಮಗೆ... ಏನಂತ ಹೇಳಿದ್ರು?" ಪ್ರೇಮ್‌ಕುಮಾರ್ ಒಂದೊಂದೇ ಪದ ಆರಿಸಿ ಕೇಳಿದ.

"ಲ್ಯಾಪ್‌ಟಾಪ್ ಅಂತ್ಲೇ," ಭವ್ಯ ಸುಳ್ಳು ಹೇಳಿದಳು. ಮುಖ ಮಾತ್ರ ನಿಜ ಹೇಳಿಬಿಟ್ಟಿರಬೇಕು. ಅವನ ಕಿವಿಗಳು ಮೆಲ್ಲಗೆ ಕೆಂಪಾದವು.

ಭೂಮಿ ಬಾಯಿಬಿಟ್ಟಿದ್ದರೆ ಅವಳು ಬ್ಯಾಗಿನ ಸಮೇತ ಇಳಿದುಹೋಗುತ್ತಿದ್ದಳು. ಇಂದಿರಾನಗರದ ಭೂಮಿಗೆ ಅಷ್ಟೆಲ್ಲ ಪುರುಸೊತ್ತಿಲ್ಲ. ಹಾಗಾಗಿ ಶೋರೂಮಿಗೇ ಹೋಗಬೇಕಾಯಿತು.

ಒಳಗೆ ಅವನು ಗ್ರಾಫಿಕ್ಸ್ ಕಾರ್ಡ್ ಬೇರೆಯೇ ಇರಬೇಕು, ರ್‍ಯಾಮ್ ಮೂವತ್ತೆರಡಾದರೂ ಬೇಕು ಅಂತ ಹೇಳುತ್ತ ಹೋದ. ಅವಳು ತಲೆಯಾಡಿಸುತ್ತ ಹೋದಳು. ಕಿವಿಗೆ ಒಂದೂ ಇಳಿಯಲಿಲ್ಲ. ಕೆಲಸ ಯಾಕೆ ಬಿಡಬೇಕು ಅನ್ನುವ ಆ ಮಾತು ತನಗಲ್ಲ, ಲ್ಯಾಪ್‌ಟಾಪಿಗೆ ಹೇಳಿದ್ದು. ಇಷ್ಟು ವರ್ಷಕ್ಕೆ ಒಂದು ಒಳ್ಳೆಯ ಮಾತು ಬಂತು, ಅದೂ ವಿಳಾಸ ತಪ್ಪಿ ಬಂತು.

"ಇದೇ ಸಾಕು," ಕೈಗೆ ಸಿಕ್ಕಿದ್ದನ್ನು ತೋರಿಸಿದಳು.

"ನಾಚ್ಕೆಗೋಸ್ಕರ ತಗೋಬೇಡಿ ರೀ. ದಿನಾ ಇದರ ಮುಂದೆ ಕೂರೋರು ನೀವು. ಪೆನ್‌ಡ್ರೈವ್ ಕೊಡಿ, ನಿಮ್ಮ ವಿಡಿಯೋನೇ ಹಾಕಿ ನೋಡೋಣ."

ಪೆನ್‌ಡ್ರೈವ್ ಯಾವಾಗಲೂ ಅವಳ ಬ್ಯಾಗಿನಲ್ಲೇ ಇರುತ್ತಿತ್ತು. ಮೊದಲನೆಯ ಲ್ಯಾಪ್‌ಟಾಪಿನಲ್ಲಿ ವಧುವಿನ ಕೆಂಪು ಸೀರೆ ಕಿತ್ತಳೆಯಾಗಿ ಕಂಡಿತು. "ಇದು ಬಣ್ಣದಲ್ಲಿ ಸುಳ್ಳು ಹೇಳುತ್ತೆ, ಬೇಡ," ಅಂದ. ಎರಡನೆಯದು ಸ್ವಲ್ಪ ದಪ್ಪ, ತೂಕವೂ ಇತ್ತು. ಅದರಲ್ಲಿ ಸೀರೆ ಸೀರೆಯ ಬಣ್ಣದಲ್ಲೇ ಇತ್ತು, ವಿಡಿಯೋ ಒಂದು ಕಡೆಯೂ ತಡವರಿಸಲಿಲ್ಲ. ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ಅಜ್ಜಿಯೊಬ್ಬಳು ಗಟ್ಟಿಮೇಳಕ್ಕೆ ಬೆಚ್ಚಿ ಎದ್ದು, ಮುಂದಿದ್ದವನ ಬೋಳು ತಲೆಗೆ ಅಕ್ಷತೆ ಎಸೆದಳು. ಪ್ರೇಮ್‌ಕುಮಾರ್ ಗೊಳ್ಳೆಂದು ನಕ್ಕ, ತುಟಿಯ ಎರಡೂ ಕಡೆ ಒಟ್ಟಿಗೇ.

"ನೀವ್ ಎಡಿಟ್ ಮಾಡಿದ್ದ ಆಂಟಿ ಮನೆ ಗೃಹಪ್ರವೇಶದ ವಿಡಿಯೋಲೂ ಹೀಗೇ. ಹಸು ಒಳಗೆ ಬರಲ್ಲ ಅಂತ ಬಾಗಿಲಲ್ಲೇ ಹಟ ಹಿಡಿದು ನಿಂತಿತ್ತಲ್ಲ, ಬೇರೆಯೋರಾಗಿದ್ರೆ ಕಟ್ ಮಾಡ್ತಿದ್ರು." ತೆರೆಯ ಮೇಲಿಂದ ಕಣ್ಣು ತೆಗೆಯದೆ ಹೇಳಿದ. "ನಾನೂ ಜಾಹೀರಾತು ಎಡಿಟ್ ಮಾಡೋನೇ. ಭಾನುವಾರ ಹಾಸಿಗೆ ಬಿಟ್ಟು ಏಳೋ ಜಾತಿ ಅಲ್ಲ. ಆ ಹಸೂನ ಉಳಿಸ್ಕೊಂಡೋರು ಯಾರು ಅಂತ ನೋಡ್ಬೇಕಿತ್ತು, ಅದಕ್ಕೇ ಒಪ್ಕೊಂಡೆ."

ಭವ್ಯ ಆ ದಪ್ಪನೆಯದನ್ನೇ ಕಟ್ಟಿಸಿಕೊಂಡು ಹೊರಗೆ ಬಂದಮೇಲೆ, ಡಬ್ಬ ಹೊತ್ತು ನಿಂತವನ ದಾರಿಗೆ ಅಡ್ಡ ನಿಂತಳು.

"ಕೆಲಸ ಯಾಕ್ ಬಿಡ್ಬೇಕು ಅಂದ್ರಲ್ಲ ಆಗ. ಅದು ಲ್ಯಾಪ್‌ಟಾಪ್‌ಗೆ ಹೇಳಿದ್ದು ತಾನೇ?"

"ಹೌದು, ಲ್ಯಾಪ್‌ಟಾಪ್‌ಗೇ ಹೇಳಿದ್ದು," ಅಂದ ಪ್ರೇಮ್‌ಕುಮಾರ್. "ಆದ್ರೆ ಮದ್ವೆಗೆ ಬೇರೆ ಉತ್ತರ ಇರುತ್ತೆ ಅಂತ ನಂಗೆ ಗೊತ್ತಿರ್ಲಿಲ್ಲ."

ಅಷ್ಟರಲ್ಲಿ ಚಿಕ್ಕಮ್ಮನ ಫೋನು. ಬೀದಿಯ ಗಲಾಟೆಗೆ ಭವ್ಯ ಸ್ಪೀಕರ್ ಒತ್ತಿದಳು.

"ಏನಾಯ್ತೇ? ಇಷ್ಟ ಆಯ್ತಾ?"

"ಆಯ್ತು ಚಿಕ್ಕಮ್ಮ. ತುಂಬಾ ಇಷ್ಟ ಆಯ್ತು." ಅವಳು ನೋಡುತ್ತಿದ್ದದ್ದು ಡಬ್ಬವನ್ನಲ್ಲ, ಹೊತ್ತವನನ್ನು. "ಆ ಕಡೆಯಿಂದ ಇನ್ನೂ ಒಪ್ಪಿಗೆ ಬಂದಿಲ್ಲ."

"ಯಾವ್ ಕಡೆಯಿಂದ್ಲೇ? ದುಡ್ಡು ಕೊಟ್ಟು ತಗೊಳೋ ಲ್ಯಾಪ್‌ಟಾಪ್‌ದು ಎಂಥಾ ಒಪ್ಪಿಗೆ?"

ಪ್ರೇಮ್‌ಕುಮಾರ್ ಡಬ್ಬವನ್ನು ಜೋಪಾನವಾಗಿ ಫುಟ್‌ಪಾತಿನ ಮೇಲಿಟ್ಟ. ಫೋನು ಹಿಡಿದಿದ್ದ ಅವಳ ಕೈಯ ಹತ್ತಿರಕ್ಕೆ ಬಗ್ಗಿದ. "ಆಂಟಿ, ನಾನು ಪ್ರೇಮ್. ನಂಗೆ ಭವ್ಯ ಇಷ್ಟ ಆಗಿದಾರೆ. ಅವ್ರು ಕೆಲಸ ಮಾಡೋದೂ ಇಷ್ಟ. ಅವ್ರಮ್ಮನ ಹತ್ರ ನೀವೇ ಮಾತಾಡ್ಬೇಕು."



"ಅಯ್ಯೋ ಶಿವನೇ," ಚಿಕ್ಕಮ್ಮ ಫೋನಿನಲ್ಲೇ ಕಿರುಚಿದಳು, "ನಾನ್ ಕಳ್ಸಿದ್ದು ಲ್ಯಾಪ್‌ಟಾಪ್ ನೋಡೋಕಲ್ವೇನೋ!"

"ಹೌದು ಚಿಕ್ಕಮ್ಮ," ಭವ್ಯ ನಗು ತಡೆಯಲಾರದೆ ಹೇಳಿದಳು, "ಅದನ್ನೂ ನೋಡಿದ್ವಿ."